ಒಂದು ಮೊರ ತವುಡು

ತವುಡಿನ ವಾಸನೆ ಮೂಗಿಗೆ ಹತ್ತಿದ್ದೇ ಬೆಳ್ಳಮ್ಮನ ಕೈ ನಿಂತುಬಿಟ್ಟಿತು. ಮೊರದಲ್ಲಿ ಅಕ್ಕಿ ಒಂದು ಕಡೆ, ತವುಡು ಒಂದು ಕಡೆ ಸರಿದು ಕೂತಿದ್ದವು. ಇನ್ನೊಂದೆರಡು ಸಲ ಕೇರಿದ್ದರೆ ಕೆಲಸ ಮುಗಿಯುತ್ತಿತ್ತು. ಅವಳು ಕೇರಲಿಲ್ಲ. ಹಿತ್ತಿಲ ಬೇಲಿಯಾಚೆ ನಂಜಿಯ ಮನೆ. ಅಲ್ಲಿ ಬೆಳಗಿನಿಂದ ಅಂಗಳ ಸಾರಿಸುವ ಸದ್ದು, ಹೆಂಗಸರ ಮಾತು, ನಡುನಡುವೆ ಒಂದು ಕೂಸಿನ ಕೇಕೆ. ಆ ಕೇಕೆ ಕೇಳಿದಾಗಲೆಲ್ಲ ಅವಳ ಎದೆ ತನ್ನಷ್ಟಕ್ಕೆ ತಾನೇ ಬಿಗಿಯುತ್ತಿತ್ತು. ಸೂಲಗಿತ್ತಿ ಎದೆಗೆ ಮಲ್ಲಿಗೆ ಹೂ ಕಟ್ಟಿ ಹಾಲು ನಿಲ್ಲಿಸಿ ಎಷ್ಟೋ ದಿನವಾಗಿತ್ತು, ಆದರೂ ಈ ಹಾಳು ಎದೆಗೆ ಬುದ್ಧಿ ಬಂದಿರಲಿಲ್ಲ. ಯಾರ ಮನೆಯ ಕೂಸು ಅತ್ತರೂ, ನಕ್ಕರೂ, ನನ್ನನ್ನೇ ಕರೆದರು ಅಂದುಕೊಂಡು ಎದ್ದು ನಿಲ್ಲುತ್ತಿತ್ತು. ಊರಲ್ಲಿ ಈ ಸುಗ್ಗಿಗೆ ಕೂಸುಗಳೂ ಸುಗ್ಗಿಯ ಹಾಗೇ ಬಂದಿದ್ದವು. ಹೋದ ವಾರ ಮಹದೇವಮ್ಮನ ಮನೆಯಲ್ಲಿ ತೊಟ್ಟಿಲಿಗೆ ಹಾಕಿದರು. ಕರೆಯಲು ಬಂದವಳು ಕುಂಕುಮದ ಬಟ್ಟಲು ಹಿಡಿದುಕೊಂಡು ಆ ಮನೆ ಈ ಮನೆ ಹತ್ತಿ ಇಳಿದು, ಬೆಳ್ಳಮ್ಮನ ಬಾಗಿಲ ಮುಂದೆ ಮಾತ್ರ ಕಾಲಿಗೆ ಮುಳ್ಳು ಚುಚ್ಚಿದವಳ ಹಾಗೆ ಬಗ್ಗಿ ಏನನ್ನೋ ನೋಡಿಕೊಳ್ಳುತ್ತ ದಾಟಿಹೋದಳು. ಬೆಳ್ಳಮ್ಮ ಆಗ ಒಳಗಡೆ ಸೀರೆ ಬದಲಾಯಿಸಿ ನಿಂತಿದ್ದಳು.

ಇವತ್ತಿನದಕ್ಕೆ ಮಾತ್ರ ಕರೆ ಬಂದಿತ್ತು. ನಿನ್ನೆ ನಂಜಿಯ ಅತ್ತೆ ಮರಿತಾಯಮ್ಮ ಬೇಲಿಯಾಚೆಯೇ ನಿಂತು ಕೂಗಿ ಹೇಳಿದ್ದಳು.

"ನಾಳೆ ಬಿಸ್ಲು ಇಳಿಯಾಕ್ ಮುಂಚೆ ಬಂದೋಗವ್ವ ಬೆಳ್ಳಿ. ನಿನ್ ತವುಡು ನಿಂಗೆ ವಾಪಸ್ ಕೊಟ್ಬುಡ್ತೀವಿ. ನೀನೊಂದ್ ಮಾತು ಅಂದ್ಬುಟ್ರೆ ಆಯ್ತು."

"ಏನಂತ ದೊಡ್ಡವ್ವ?"

"ಇವ್ನು ನನ್ ಮಗ ಅಲ್ಲ ಅಂತ. ಮೂರ್ ಸತಿ. ಅಷ್ಟೇಯ." ಮುದುಕಿ ಅವಳ ಮುಖ ನೋಡದೆ ನುಗ್ಗೆ ಮರ ನೋಡುತ್ತಿದ್ದಳು. "ಇನ್ಮೇಲೆ ಮಾದೇವಮ್ಮ ಕೊಂಡ್ಕತಾಳೆ. ಅವ್ಳ ಮಕ್ಳೆಲ್ಲ ನಿಂತವೆ ನೋಡು."

ಅವಳ ಮಕ್ಕಳೆಲ್ಲ ನಿಂತಿವೆ. ರಾತ್ರಿಯೆಲ್ಲ ಬೆಳ್ಳಮ್ಮ ಆ ಮಾತನ್ನು ಬಾಯಲ್ಲಿಟ್ಟುಕೊಂಡೇ ಮಲಗಿದ್ದಳು. ನಂಜಿಯ ಮೊದಲೆರಡು ಕೂಸುಗಳು ನಿಂತಿರಲಿಲ್ಲ. ಒಂದು ತೊಟ್ಟಿಲು ಕಾಣದೆ ಹೋಯಿತು, ಇನ್ನೊಂದು ತೊಟ್ಟಿಲಿನಿಂದಲೇ ಹೋಯಿತು. ಮೂರನೆಯದು ಹುಟ್ಟಿದಾಗ ಸೂಲಗಿತ್ತಿ ದನಿ ತಗ್ಗಿಸಿ, ಇದನ್ನು ನಿಮ್ಮದು ಅನ್ನಬೇಡಿ ಎಂದಳು. ಸಾವು ಈ ಮನೆಯ ದಾರಿ ಕಲಿತುಬಿಟ್ಟಿದೆ, ಅದರ ಕಣ್ಣಿಗೆ ಮಣ್ಣೆರಚಬೇಕು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿಗೆ ಇಟ್ಟು ಬರಬೇಕು. ಮಕ್ಕಳು ನಿಂತಿರುವ ಹೆಂಗಸೊಬ್ಬಳು ಬಂದು ಎತ್ತಿಕೊಂಡು, ತವುಡು ಕೊಟ್ಟು ಕೊಂಡುಕೊಳ್ಳಬೇಕು. ಆಮೇಲೆ ಅದನ್ನು ಹೆತ್ತವಳೇ ಸಾಕಿದರೂ ಅದು ಕೊಂಡವಳ ಮಗ. ಹೆತ್ತವಳು ಅದನ್ನು ನನ್ನ ಮಗ ಎಂದು ಬಾಯಿತಪ್ಪಿಯೂ ಅನ್ನಬಾರದು. ಆಗ ಬೆಳ್ಳಮ್ಮ ತಾನೇ ಹಸಿ ಬಾಣಂತಿ, ಸಿದ್ದರಾಜು ಹುಟ್ಟಿ ತಿಂಗಳೂ ತುಂಬಿರಲಿಲ್ಲ. ನಂಜಿ ನಡುಗೋಡೆಯ ಆಚೆಯಿಂದಲೇ ಅತ್ತುಕೊಂಡು ಕೂಗಿದ್ದಳು. "ಅಕ್ಕಾ, ನೀನೇ ಕೊಂಡ್ಕಳಕ್ಕ. ನಿನ್ ಕೈಗ್ ಬಿದ್ದದ್ದು ನಿಲ್ತದೆ." ಒಂದೇ ವರ್ಷದಲ್ಲಿ ಈ ಊರಿಗೆ ಸೊಸೆಯರಾಗಿ ಬಂದವರು, ಒಬ್ಬಳ ಒಲೆಯ ಕೆಂಡ ಇನ್ನೊಬ್ಬಳ ಒಲೆಗೆ ಹೋಗುತ್ತಿದ್ದ ಮನೆಗಳು. ಬೆಳ್ಳಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಎದ್ದು ಹೋದಳು. ಒಂದು ಹಿಡಿ ತವುಡು ಸಾಕು ಎಂದಳು ಮರಿತಾಯಮ್ಮ. ಯುದ್ಧದ ಕಾಲ, ಬೆಳೆದ ಭತ್ತವನ್ನು ಸರ್ಕಾರ ಅಳೆದುಕೊಂಡು ಹೋಗುತ್ತಿತ್ತು, ರಾಗಿ ಹಿಟ್ಟಿಗೆ ತವುಡು ಬೆರೆಸಿ ರೊಟ್ಟಿ ತಟ್ಟುವವರೂ ಇದ್ದರು. ಬೆಳ್ಳಮ್ಮ ಮೊರದ ತುಂಬ, ಗೋಪುರ ಏರಿಸಿ, ಚೆಲ್ಲುವಷ್ಟು ತಂದು ಸುರಿದಳು. ಕೊಡುವುದರಲ್ಲಿ ಅವಳಿಗೊಂದು ಜಂಬವಿತ್ತು. ಇಲ್ಲ ಎಂದು ಹೇಗೆ ಹೇಳುವುದು, ಇತ್ತು. ಒಬ್ಬನನ್ನು ಹೆತ್ತಿದ್ದೇನೆ, ಒಬ್ಬನನ್ನು ಕೊಂಡಿದ್ದೇನೆ ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಕ್ಕಿದ್ದಳು. ತನ್ನವನಿಗೆ ರಾಜನ ಹೆಸರಿಟ್ಟಳು. ನಂಜಿಯದಕ್ಕೆ, ಸಾವು ನೋಡಿದರೂ ಅಸಹ್ಯಪಟ್ಟು ಹೋಗಲೆಂದು, ತವುಡಯ್ಯ ಎಂದೇ ಕರೆದರು.

ಎಷ್ಟು ಚೆನ್ನಾಗಿತ್ತು ಆ ಆಟ. "ಅಕ್ಕಾ, ನಿನ್ ಮಗ ಉಚ್ಚೆ ಉಯ್ಕಂಡವ್ನೆ ಬಾ" ಎನ್ನುತ್ತಿದ್ದಳು ನಂಜಿ. "ನನ್ ಮಗುಂಗೆ ಸರ್ಯಾಗ್ ಆಲ್ ಕುಡುಸೇ ಲೇ" ಎಂದು ಇವಳು ಗದರುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನಂಜಿಗೆ ಹಾಲು ಸಾಲದ ದಿನ ಬೆಳ್ಳಮ್ಮನೇ ಒಂದು ಕಡೆ ಇವನನ್ನು, ಒಂದು ಕಡೆ ಅವನನ್ನು ಹಾಕಿಕೊಂಡು ಕೂರುತ್ತಿದ್ದಳು. ಸಿದ್ದರಾಜು ಆತುರಗಾರ, ಕಚ್ಚಿ ಎಳೆಯುತ್ತಿದ್ದ. ತವುಡಯ್ಯ ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ ಮುಖ ನೋಡುತ್ತಿದ್ದ. ಈಗ ಕಣ್ಣು ಮುಚ್ಚಿದರೆ ಒಮ್ಮೊಮ್ಮೆ ಆ ನೋಡುವ ಮುಖವೇ ಮೊದಲು ಬರುತ್ತದೆ, ಸ್ವಂತ ಮಗನ ಮುಖ ಬರಲು ತಡವಾಗುತ್ತದೆ. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಅವಳು ಮೊರ ಕೆಳಗಿಟ್ಟು ಎದ್ದಳು. ಕೈಕಾಲು ತೊಳೆದುಕೊಳ್ಳಲು ಬಚ್ಚಲಿಗೆ ಹೋದವಳು ಹಂಡೆಯ ಮುಂದೆ ಸುಮ್ಮನೆ ನಿಂತಳು. ಹೋಗದಿದ್ದರೆ ಏನಾಗುತ್ತದೆ? ಗಂಡ ಮುದ್ದಯ್ಯ ನಿನ್ನೆ ರಾತ್ರಿ ಗಾಡಿ ಕಟ್ಟುವಾಗ ಹೇಳಿದ್ದ, "ಓಗಿ ಅಂದ್ಬುಟ್ ಬಂದ್ಬುಡು. ನಮ್ಗ್ಯಾಕ್ ಬೇಕು." ಕಬ್ಬು ತುಂಬಿದ ಗಾಡಿ ಮಂಡ್ಯದ ಫ್ಯಾಕ್ಟರಿಗೆ ಹೊರಟಿತ್ತು, ಅವನ ಮನಸ್ಸು ಎತ್ತಿನ ಕಾಲಿನ ಲಾಳದ ಮೇಲಿತ್ತು. ಅವನನ್ನು ಅಂದು ಉಪಯೋಗವಿಲ್ಲ. ಮದ್ದೂರಿನ ಡಾಕ್ಟರ ಹತ್ತಿರದಿಂದ ಹಿಂದಿರುಗಿ ಬರುವಾಗ ಇದೇ ಗಾಡಿಯಲ್ಲಿ ಅವನು ದಾರಿಯುದ್ದಕ್ಕೂ ಎತ್ತುಗಳನ್ನು ಒಂದು ಸಲವೂ ಗದರಲಿಲ್ಲ. ಅವು ತಮಗೆ ತೋಚಿದ ಹಾಗೆ ನಡೆದವು. ಅವಳ ಮಡಿಲಲ್ಲಿ ಸಿದ್ದರಾಜು ಇನ್ನೂ ಬೆಚ್ಚಗೇ ಇದ್ದ, ಬಿಸಿಲಿಗೋ ಏನೋ. ಕೊಪ್ಪದ ದಾರಿ ಬಂದಾಗ ಎದುರಿಗೆ ಬಂದವನೊಬ್ಬ, ಕೂಸಿಗೆ ಈಗ ಎಂಗದೆ ಎಂದು ಕೇಳಿದ. ಮುದ್ದಯ್ಯ, ಮಲ್ಗದೆ ಎಂದ. ಆ ಒಂದು ಸುಳ್ಳಿಗಾಗಿ ಅವಳು ಗಂಡನ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು.

ನಾಯಿಕೆಮ್ಮು. ಮೊದಲು ಬಂದದ್ದು ತವುಡಯ್ಯನಿಗೆ. ಕೆಮ್ಮಿ ಕೆಮ್ಮಿ ಮುಖ ನೇರಳೆ ಹಣ್ಣಾಗುತ್ತಿತ್ತು, ಉಸಿರು ಒಳಗೆ ಎಳೆದುಕೊಳ್ಳುವಾಗ ಕೂಗುತ್ತಿತ್ತು. ಗೋಡೆಯಾಚೆ ಆ ಕೂಗು ಕೇಳುತ್ತಿದ್ದ ದಿನಗಳಲ್ಲಿ ಬೆಳ್ಳಮ್ಮ ತಾನೇ ಕಷಾಯ ಕಾಯಿಸಿ ಬೇಲಿಯ ಮೇಲಿಂದ ಕೊಟ್ಟಿದ್ದಳು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನಂಜಿ ಕೂಸನ್ನು ಎತ್ತಿಕೊಂಡು ಮುಂಬಾಗಿಲಿನಿಂದ ಬಂದಳು. ಯಾವಾಗಲೂ ಹಿತ್ತಿಲಿನಿಂದ ಬರುವವಳು. ನೇರ ನಡುಮನೆಗೆ ಬಂದು, ಸಿದ್ದರಾಜು ಮಲಗಿದ್ದ ಚಾಪೆಯ ಮೇಲೆ, ಅವನ ಪಕ್ಕಕ್ಕೇ ಇಟ್ಟಳು. "ತಗೊ, ನಿನ್ ಮಗ. ನಿನ್ ಮನೇಲೇ ಇರ್ಲಿ. ನಂಗೂ ಇವ್ನಿಗೂ ಏನೂ ಇಲ್ಲ." ಮಾತು ಬೆಳ್ಳಮ್ಮನಿಗೆ ಆಡಿದ್ದಲ್ಲ. ಬಾಗಿಲ ಕಡೆ, ಬೀದಿಯ ಕಡೆ ಮುಖ ಮಾಡಿ, ಯಾರೋ ದೂರದಲ್ಲಿ ನಿಂತು ಕೇಳುತ್ತಿದ್ದಾರೆ ಎಂಬಂತೆ ಗಟ್ಟಿಯಾಗಿ ಆಡಿದ್ದು. ಬೆಳ್ಳಮ್ಮನಿಗೆ ಆಗ ಅನ್ನಿಸಿದ್ದು ಒಂದೇ, ಪಾಪ, ಎಷ್ಟು ಹೆದರಿದ್ದಾಳೆ. ಇರಲಿ ಬುಡು ಎಂದಳು. ನನ್ನ ಕೈಗೆ ಬಿದ್ದದ್ದು ನಿಲ್ಲುತ್ತದೆ ಎಂಬ ಜಂಬ ಇನ್ನೂ ಇತ್ತಲ್ಲ. ಎರಡೂ ಕೂಸುಗಳು ಒಂದೇ ಕಂಬಳಿಯೊಳಗೆ ಉಸಿರಾಡಿದವು. ಬೆಳಿಗ್ಗೆ ನಂಜಿ ಬಂದು ತನ್ನದನ್ನು ಎತ್ತಿಕೊಂಡು ಹೋದಳು, ಈ ಸಲ ಹಿತ್ತಿಲಿನಿಂದ. ವಾರ ಕಳೆಯಿತೋ ಇಲ್ಲವೋ ಸಿದ್ದರಾಜು ಕೆಮ್ಮಿದ. ಅವನು ಕೆಮ್ಮುತ್ತ ಹೋದ ಹಾಗೆ ಗೋಡೆಯಾಚೆಯ ಕೆಮ್ಮು ಇಳಿಯುತ್ತ ಬಂತು.

ಮಣ್ಣು ಮಾಡಿ ಬಂದ ದಿನ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳು ನಂಜಿ. ಆಮೇಲೆ ಬರಲಿಲ್ಲ. ಸಮಾಧಾನ ಹೇಳಲು ಬಂದವರು ಒಬ್ಬರಾದ ಮೇಲೊಬ್ಬರು ಒಂದೇ ಮಾತು ಹೇಳಿದರು. "ಅದು ನಿನ್ ಮಗ ಅಲ್ಲ ಅನ್ಕ ಬೆಳ್ಳಿ. ಯಾವ್ದೋ ರುಣ ತೀರುಸ್ಕೊಳಾಕ್ ಬಂದಿತ್ತು, ತೀರುಸ್ಕಂಡ್ ಓಯ್ತು." ಮಗ ಅಲ್ಲ ಅನ್ಕ. ಅಂದುಕೊಂಡರೆ ಹಾಲು ನಿಲ್ಲುತ್ತದೆಯೇ? ಬಾವಿಕಟ್ಟೆಯಲ್ಲಿ ಮರಿತಾಯಮ್ಮ ಯಾರೊಡನೆಯೋ ಆಡುತ್ತಿದ್ದ ಮಾತು ಕಿವಿಗೆ ಬಿತ್ತು. "ಸಾವು ಬಂದಿದ್ದು ನಮ್ಮನೇಗೇಯ. ಕೂಸು ಅವ್ಳ್ದು ಅಂತ ಗೊತ್ತಾಯ್ತು, ಆ ಮನೇಗ್ ಓಯ್ತು." ಬೆಳ್ಳಮ್ಮನನ್ನು ನೋಡಿ ಮುದುಕಿ ಕೊಡ ಎತ್ತಿಕೊಂಡಳು. ಅವಳ ಹಿಂದೆ ಕಂಕುಳಲ್ಲಿ ಕೂಸಿಟ್ಟುಕೊಂಡು ನಂಜಿ ನಿಂತಿದ್ದಳು. ಬೆಳ್ಳಮ್ಮ ನೋಡುತ್ತಿದ್ದ ಹಾಗೇ ಸೆರಗೆಳೆದು ಕೂಸಿನ ಮುಖಕ್ಕೆ ಮುಚ್ಚಿದಳು. ಸಾವಿನ ಕಣ್ಣಿಗೆ ಕಾಣದಿರಲೆಂದು ಯಾರ ಕೈಗೆ ಕೊಟ್ಟಿದ್ದಳೋ, ಅವಳ ಕಣ್ಣಿಗೇ ಕಾಣಬಾರದು ಎಂದಾಯಿತು. ಬೆಳ್ಳಮ್ಮ ಖಾಲಿ ಕೊಡವನ್ನೇ ಹೊತ್ತುಕೊಂಡು ಮನೆಗೆ ಬಂದಿದ್ದಳು. ಅದು ಖಾಲಿ ಎಂದು ಗೊತ್ತಾದದ್ದು ಹಂಡೆಗೆ ಬಗ್ಗಿಸಿದಾಗ.

ಬಿಸಿಲು ಮಾಡಿನಿಂದ ಇಳಿದು ಅಂಗಳಕ್ಕೆ ಬಂದಿತ್ತು. ಹೊರಟಳು. ಹಿತ್ತಿಲಿನಿಂದ ಹೋದರೆ ಎರಡು ಹೆಜ್ಜೆ, ಆದರೂ ಮುಂಬಾಗಿಲು ದಾಟಿ ಬೀದಿಯಲ್ಲಿ ನಡೆದಳು. ಮೇಲೆ ಕೊಕ್ಕರೆಗಳ ಸಾಲೊಂದು ಕಾಲು ಹಿಂದಕ್ಕೆ ಚಾಚಿಕೊಂಡು ಬೆಳ್ಳೂರಿನ ಕಡೆ ಹೋಗುತ್ತಿತ್ತು. ಅದು ಅವಳ ತವರು. ಅಲ್ಲಿ ಹುಣಿಸೆ ಮರದ ತುಂಬ ಅವು ಗೂಡು ಕಟ್ಟುತ್ತವೆ, ಬಾಣಂತನಕ್ಕೆ ಬಂದ ಊರ ಹೆಣ್ಣುಮಕ್ಕಳು ಎನ್ನುತ್ತಾರೆ ಅಲ್ಲಿಯವರು, ಕಲ್ಲು ಬೀರಿದವನ ಕೈ ಮುರಿಯುತ್ತಾರೆ. ಈ ಸಲ ಅತ್ತಿಗೆಯೂ ಹೆತ್ತಿದ್ದಾಳೆ. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಬಾ ಮಗಳೇ ಎಂದು ಅವ್ವ ಹೇಳಿ ಕಳಿಸಿದ್ದಳು. ಮುಗಿದ ಮೇಲೆ! ಹೆತ್ತ ಅವ್ವನೂ ಹಾಗೆ. ಚಿಕ್ಕವಳಿದ್ದಾಗ ಗೂಡಿನಿಂದ ಬಿದ್ದ ಮರಿಯೊಂದನ್ನು ಅವಳು ಮರದ ಬುಡದಲ್ಲಿ ಇಟ್ಟುಕೊಂಡು ಸಂಜೆಯವರೆಗೂ ಕಾದಿದ್ದಳು. ಮೇಲೆ ತಾಯಿ ಹಕ್ಕಿ ಉಳಿದ ಮರಿಗಳಿಗೆ ಮೀನು ಕಕ್ಕಿ ತಿನ್ನಿಸುತ್ತಿತ್ತು. ಒಂದು ಸಲವಾದರೂ ಬಗ್ಗಿ ನೋಡಲಿ ಎಂದು ಕೂಗಿ ಕೂಗಿ ಕರೆದಿದ್ದಳು.

ನಂಜಿಯ ಮನೆಯ ಜಗುಲಿಯ ಮೇಲೆ ಹೆಂಗಸರಿದ್ದರು. ಮಹದೇವಮ್ಮ ಮಡಿಲಲ್ಲಿ ತನ್ನ ಎಳೆಗೂಸು ಹಾಕಿಕೊಂಡು, ಪಕ್ಕದಲ್ಲಿ ತವುಡಿನ ಪುಟ್ಟಿ ಇಟ್ಟುಕೊಂಡು ಕಂಬಕ್ಕೆ ಒರಗಿದ್ದಳು. ಬೆಳ್ಳಮ್ಮನನ್ನು ನೋಡಿ ಕೂಸನ್ನು ಕಂಬದ ಆ ಬದಿಗೆ ಸರಿಸಿಕೊಂಡಳು. ಬೆಳ್ಳಮ್ಮ ಜಗುಲಿಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಮರಿತಾಯಮ್ಮ, "ಅಲ್ಲೇ ನಿಂತ್ಕಳವ್ವ, ಈಗ್ ತಾನೇ ಸಾರ್ಸದೆ" ಎಂದಳು. ಸಾರಿಸಿದ್ದು ಬೆಳಿಗ್ಗೆ. ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ಮಿಕ್ಕವರೆಲ್ಲ ಕೂತಿದ್ದರು. ಬೆಳ್ಳಮ್ಮ ಅಂಗಳದಲ್ಲಿ ನಿಂತಳು. ಹೊಸ್ತಿಲ ಮೇಲೆ ಮೊರ, ಮೊರದಲ್ಲಿ ತವುಡಯ್ಯ. ಈಗ ಮೊರದಲ್ಲಿ ಹಿಡಿಸದಷ್ಟು ಬೆಳೆದಿದ್ದ, ಕಾಲು ಹೊರಗೆ ಚಾಚಿ ಕೂತು ಮೊರದ ಅಂಚು ಚೀಪುತ್ತಿದ್ದ. ಅವಳನ್ನು ಕಂಡ. ಚೀಪುವುದು ನಿಲ್ಲಿಸಿ ನೋಡಿದ, ಅದೇ ನೋಟ. ಆಮೇಲೆ ಎರಡೂ ಕೈ ಮೇಲೆತ್ತಿ ಎತ್ತಿಕೊ ಎಂದು ಕುಣಿದ. ನಂಜಿ ಹಿಂದಿನಿಂದ ಅವನ ಕೈಗಳನ್ನು ಹಿಡಿದು ಕೆಳಕ್ಕೆ ಇಳಿಸಿದಳು.

"ಅನ್ನವ್ವ, ಒತ್ತಾಯ್ತದೆ" ಎಂದಳು ಮರಿತಾಯಮ್ಮ.

ಬೆಳ್ಳಮ್ಮ ಮುದುಕಿಯ ಕಡೆ ನೋಡಲಿಲ್ಲ. "ನಂಜಿ, ಒಂದ್ ಮಾತ್ ಏಳು. ಅವತ್ತು ಯಾಕ್ ತಂದ್ ಮಲಗುಸ್ದೆ?"

"ಯಾವತ್ತು?"

"ನಿಂಗ್ ಗೊತ್ತು."

ನಂಜಿ ಕೂಸಿನ ಕೈಗಳನ್ನು ಬಿಡಲಿಲ್ಲ. ಈ ಪ್ರಶ್ನೆಗೆ ನಂಜಿ ಏನು ಹೇಳಬಹುದು ಎಂದು ಬೆಳ್ಳಮ್ಮ ಇಷ್ಟು ದಿನ ಒಲೆಯ ಮುಂದೆ, ಗದ್ದೆಯ ಬದುವಿನ ಮೇಲೆ ಎಷ್ಟು ಸಲ ಯೋಚಿಸಿದ್ದಳು. ಹೆದರಿಕೆಯಾಯಿತು ಅಕ್ಕ, ಅತ್ತೆ ಹೇಳಿದಳು ಅಕ್ಕ, ತಿಳಿಯಲಿಲ್ಲ ಅಕ್ಕ. ಪ್ರತಿಯೊಂದು ಉತ್ತರಕ್ಕೂ ಅವಳು ಮೊದಲೇ ಕ್ಷಮಿಸಿಟ್ಟಿದ್ದಳು. ಅತ್ತರೆ ಸಾಕು ಅಂದುಕೊಂಡಿದ್ದಳು, ತಾನೂ ಅಳುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು.

ನಂಜಿ ಅಳಲಿಲ್ಲ. ತಲೆ ಎತ್ತಿ, ಬಹಳ ದಿನದ ಮೇಲೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು. "ನಂಗಿನ್ನೊಂದು ಆಗಾಕಿಲ್ಲ ಅಂದ್ಬುಟ್ಟಿದ್ಲು ಕಣಕ್ಕ ಸೂಲಗಿತ್ತಿ. ನಿಂಗಾದ್ರೆ ಇನ್ನೊಂದ್ ಆಯ್ತದೆ ಅನ್ಕಂಡೆ."

ಮಹದೇವಮ್ಮನ ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ಅಂದರೆ ಅವಳು ಲೆಕ್ಕ ಹಾಕಿದ್ದಳು. ಆ ಸಂಜೆ ಬೀದಿಯಲ್ಲಿ ನಡೆದು ಬರುವಾಗ, ಕಂಬಳಿ ಸರಿಸಿ ಜಾಗ ಮಾಡುವಾಗ, ಸಿದ್ದರಾಜುವಿನ ಮುಖ ನೋಡಿಕೊಂಡೇ ಹಾಕಿದ್ದಳು. ಇವಳಿಗೆ ಇನ್ನೊಂದು ಆಗುತ್ತದೆ ಎಂದು. ಮನೆಯ ಎಮ್ಮೆ ಇನ್ನೊಂದು ಕರು ಹಾಕುತ್ತದೆ ಎನ್ನುವ ಹಾಗೆ. ಬೆಳ್ಳಮ್ಮ ಜಗುಲಿಯ ಮೇಲಿದ್ದವರನ್ನೆಲ್ಲ ಒಮ್ಮೆ ನೋಡಿದಳು.

"ಸತ್ತೋದವ್ನು ನಿನ್ ಮಗ ಅಲ್ಲ ಅನ್ಕ ಅಂದ್ರಿ. ಬದ್ಕಿರೋನು ನನ್ ಮಗ ಅಲ್ಲ ಅನ್ನು ಅಂತೀರಿ. ನಾನ್ ಯಾರ್ಗ್ ಅತ್ತಿದ್ದು ಅಂಗಾರೆ? ನಾನ್ ಅನ್ನಾಕಿಲ್ಲ. ಕೊಂಡ್ಕಂಡಿವ್ನಿ, ಮಾರಾಕಿಲ್ಲ."

"ಅಯ್ಯೋ ಪಾಪಿ!" ಮರಿತಾಯಮ್ಮ ಎದ್ದೇ ನಿಂತಳು. "ನಮ್ ಕೂಸ್ ಮ್ಯಾಲೆ ಯಾಕ್ಲೇ ನಿಂಗ್ ಅಗೆ?"

"ನಿಮ್ ಕೂಸಾ ದೊಡ್ಡವ್ವ? ಇಷ್ಟ್ ದಿನ ನನ್ ಕೂಸು ಅಂತಿದ್ರಿ."

ಮುದುಕಿ ಬಾಯಿ ಕಚ್ಚಿಕೊಂಡು ಬೀದಿಯ ಕಡೆ ನೋಡಿದಳು, ಆ ಮಾತು ಯಾರಿಗಾದರೂ ಕೇಳಿಸಿತೇನೋ ಎಂದು. ನಂಜಿಯ ಮುಖದಿಂದ ರಕ್ತ ಇಳಿದುಹೋಗಿತ್ತು. ಅದನ್ನು ನೋಡಿ ಬೆಳ್ಳಮ್ಮನಿಗೆ ಸುಖವಾಯಿತು. ಹೌದು, ಸುಖವೇ. ಹೆದರಿಕೊಂಡೇ ಇರಲಿ, ಪ್ರತಿ ಸೀನಿಗೂ ಎದ್ದು ಕೂರಲಿ. ತಿರುಗಿ ಹೊರಟಳು. ಅಂಗಳ ದಾಟಿ ತಡಿಕೆಯ ಬಾಗಿಲಿಗೆ ಕೈ ಹಾಕಿದಾಗ ಹಿಂದುಗಡೆ ಕೂಸು ಕೆಮ್ಮಿತು.

ಒಂದೇ ಕೆಮ್ಮು. ಮೊರದ ಸಿಬಿರು ಗಂಟಲಿಗೆ ತಾಗಿದ್ದಿರಬೇಕು. ಬೆಳ್ಳಮ್ಮ ನಿಂತಳು. ತಡಿಕೆಯ ಮೇಲೆ ಒಂದು ಕೆಂಜಿಗ ಹರಿಯುತ್ತಿತ್ತು. ಅದನ್ನು ನೋಡುತ್ತ ಅವಳು ನಿಂತೇ ಇದ್ದಳು, ಯಾಕೆ ನಿಂತಿದ್ದೇನೆ ಎಂದು ಹೊಳೆಯುವವರೆಗೂ. ಅವಳು ಎರಡನೆಯ ಕೆಮ್ಮಿಗೆ ಕಾಯುತ್ತಿದ್ದಳು. ಕಿವಿಯಷ್ಟೇ ಅಲ್ಲ, ಒಳಗಿನ ಏನೋ ಒಂದು ಬಾಯಿ ತೆರೆದು ಕಾಯುತ್ತಿತ್ತು, ಕೆಮ್ಮಲಿ, ಇನ್ನೊಂದು ಸಲ ಕೆಮ್ಮಲಿ. ತನ್ನ ಎದೆಯಲ್ಲಿ ಹಾಲು ಕುಡಿದ ಬಾಯಿ ಅದು. ಆ ಸಂಜೆ ನಂಜಿ ತನ್ನ ನಡುಮನೆಯಲ್ಲಿ ಹೀಗೆಯೇ ನಿಂತಿದ್ದಳು, ಹೀಗೆಯೇ ಕಿವಿಗೊಟ್ಟು. ಅಷ್ಟು ಹತ್ತಿರದಿಂದ ನಂಜಿಯನ್ನು ಅವಳು ಎಂದೂ ನೋಡಿರಲಿಲ್ಲ. ನೋಡಿದ್ದಕ್ಕೆ ಕ್ಷಮಿಸಬೇಕು ಎಂದೇನೂ ಅನ್ನಿಸಲಿಲ್ಲ. ಹೇಸಿಗೆಯಾಯಿತು, ಅವಳ ಬಗ್ಗೆಯೂ, ತನ್ನ ಬಗ್ಗೆಯೂ.

ಹಿಂದಕ್ಕೆ ಬಂದು ಅದೇ ಜಾಗದಲ್ಲಿ ನಿಂತಳು. ತವುಡಯ್ಯ ಮತ್ತೆ ಮೊರ ಚೀಪುತ್ತಿದ್ದ.

"ಇವ್ನು ನನ್ ಮಗ ಅಲ್ಲ."

ಮರಿತಾಯಮ್ಮ ಕೈ ಮುಗಿದಳು. ನಂಜಿ ಕಣ್ಣು ಮುಚ್ಚಿಕೊಂಡಳು.

"ನನ್ ಮಗ ಅಲ್ಲ." ಎರಡನೆಯ ಸಲ ಹೇಳುವಾಗ ಕೊಪ್ಪದ ದಾರಿ, ಗಾಡಿ, ಮಡಿಲಿನ ಬಿಸಿ ಎಲ್ಲ ಬಂದವು. ಮೂರನೆಯ ಸಲಕ್ಕೆ ಯಾರನ್ನು ಕುರಿತು ಹೇಳುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಬಾಯಿ ಹೇಳಿತು. ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಮಹದೇವಮ್ಮ ಪುಟ್ಟಿ ಎಳೆದುಕೊಂಡಳು. ಮರಿತಾಯಮ್ಮ ಒಳಗಿನಿಂದ ಇನ್ನೊಂದು ಮೊರದಲ್ಲಿ ತವುಡು ತಂದು, ಜಗುಲಿಯ ಮೇಲೆ ನಿಂತೇ, "ಮಡ್ಲು ಒಡ್ಡವ್ವ" ಎಂದಳು. ಬೆಳ್ಳಮ್ಮ ಸೆರಗು ಒಡ್ಡಿದಳು. ಬಸುರಿಯಾಗಿದ್ದಾಗ ಇದೇ ಜಗುಲಿಯಲ್ಲಿ ಇದೇ ಮುದುಕಿ ಅವಳ ಮಡಿಲಿಗೆ ಅಕ್ಕಿ, ತೆಂಗಿನಕಾಯಿ ತುಂಬಿದ್ದಳು. ತವುಡು ಸದ್ದಿಲ್ಲದೆ ಬಿತ್ತು, ಸ್ವಲ್ಪ ಗಾಳಿಗೆ ಹಾರಿ ಅವಳ ರೆಪ್ಪೆಯ ಮೇಲೆ ಕೂತಿತು.

ಮುದ್ದಯ್ಯ ಆಗಲೇ ಮಂಡ್ಯದಿಂದ ಬಂದು ಎತ್ತುಗಳ ನೊಗ ಬಿಚ್ಚುತ್ತಿದ್ದ. ಕೊಟ್ಟಿಗೆಯಲ್ಲಿ ಎಮ್ಮೆ ತವುಡಿನ ವಾಸನೆ ಹಿಡಿದು ಕತ್ತು ಚಾಚಿತು.

"ಏನಮ್ಮಿ ಅದು ಮಡ್ಲಲ್ಲಿ?"

"ತವುಡು."

"ಅಂದ್ಬುಟ್ಟಾ?"

"ಊಂ."

"ಒಳ್ಳೇದಾಯ್ತು ಬುಡು. ಎಮ್ಮೆಗ್ ಆಕು."

ಅವಳು ಬಾನಿಯ ಮುಂದೆ ಕುಕ್ಕರಿಸಿ ಸೆರಗು ಬಿಚ್ಚಿದಳು. ಎಮ್ಮೆ ಮೂತಿ ಇಟ್ಟಿತು. ಬೆಳ್ಳಮ್ಮ ಅದರ ಮೂತಿಯನ್ನು ಪಕ್ಕಕ್ಕೆ ತಳ್ಳಿ, ತವುಡಿನೊಳಗೆ ಕೈಯಾಡಿಸಿ, ಬೊಗಸೆಯಲ್ಲಿ ಎತ್ತಿ ಎತ್ತಿ ಬಿಟ್ಟು ನೋಡಿದಳು. ತಾನು ಕೊಟ್ಟದ್ದು ಗೋಪುರ ಏರಿಸಿದ ಮೊರ, ಚೆಲ್ಲುತ್ತಿತ್ತು. ಇದು ಅರ್ಧವೂ ಇರಲಿಲ್ಲ, ತಳದಲ್ಲಿ ಬರೀ ಉಮಿ.

"ಏನ್ ನೋಡ್ತಿದ್ದೀಯೆ?" ಎಂದ ಮುದ್ದಯ್ಯ, ಹಗ್ಗ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದು.

"ಸಿದ್ದರಾಜನ್ ಬದ್ಲಿಗೆ ಕೊಟ್ಟದ್ದು ಇದು" ಎಂದಳು ಬೆಳ್ಳಮ್ಮ. "ಅದ್ರಲ್ಲೂ ಕಮ್ಮಿ ಕೊಟ್ಟವ್ರೆ." ಮತ್ತು ಮಗ ಹೋದಂದಿನಿಂದ ಮೊದಲನೆಯ ಸಲ, ಬಾನಿಯ ಅಂಚು ಹಿಡಿದುಕೊಂಡು, ಗೋಡೆಯಾಚೆಗೆ ಕೇಳುವ ಹಾಗೆ ಅಳತೊಡಗಿದಳು.